ಭಾವನ ಉಡದಾರದ ಮೂರು ಗಂಟು

ಹಸಿ ಹೊಗೆಸೊಪ್ಪು ಬ್ಯಾರನ್ನಿನೊಳಗೆ, ಅಂದರೆ ಬೆಂಕಿಯ ಕಾವಿನಲ್ಲಿ ಸೊಪ್ಪು ಹದ ಮಾಡುವ ಎತ್ತರದ ಮನೆಯೊಳಗೆ, ಬೆಂದು ಹಳದಿಗೆ ತಿರುಗುವಾಗ ಒಂಥರಾ ಸಿಹಿ ವಾಸನೆ ಹೊರಡುತ್ತದೆ. ನಮ್ಮ ಪಿರಿಯಾಪಟ್ಟಣದ ಕಡೆಯವರಿಗೆ ಅದು ನೆಮ್ಮದಿಯ ವಾಸನೆ. ಸೊಪ್ಪು ಹದವಾಗಿ ಬರುತ್ತಿದೆ ಅಂತ ಮೂಗಿನಲ್ಲೇ ಗೊತ್ತು ಮಾಡಿಕೊಂಡು ಎಲೆ ಅಡಿಕೆ ಹಾಕಿಕೊಂಡು ಕೂತುಬಿಡುತ್ತಾರೆ. ನನಗೆ ಮಾತ್ರ ಆ ವಾಸನೆ ಬಂತೆಂದರೆ ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಈ ವರ್ಷದ ಮೊದಲ ಬ್ಯಾರನ್ನಿಗೆ ಮೊನ್ನೆ ಬೆಂಕಿ ಹಾಕಿದ್ದರು. ಅಕ್ಕಿ ರೊಟ್ಟಿ ತಟ್ಟುತ್ತಿದ್ದೆ, ಕಿಟಕಿಯಿಂದ ವಾಸನೆ ಬಂತು, ರೊಟ್ಟಿಯನ್ನು ಹೆಂಚಿನ ಮೇಲೆಯೇ ಬಿಟ್ಟು ನನ್ನ ಚೀಲದೊಳಗೆ ಹುಡುಕತೊಡಗಿದೆ.

"ರೊಟ್ಟಿ ಸೀದೋಯ್ತದೆ ಕಣೇ, ಏನುಡುಕ್ತಿದ್ದೀಯೆ?" ಅಂದ ನನ್ನ ಗಂಡ ಕುಮಾರ.

"ಟೇಪು," ಅಂದೆ.

ಅವನೇ ಬಂದು ರೊಟ್ಟಿ ಮಗುಚಿದ. ಅವನಿಗೆ ಅರ್ಧ ಗೊತ್ತು, ಇನ್ನರ್ಧ ನಾನು ಹೇಳಿಲ್ಲ.

ನಾನು ಜಯಮ್ಮ, ಕಂಪಲಾಪುರದಿಂದ ಒಳಕ್ಕೆ ಹೋದರೆ ಸಿಗುವ ಒಂದು ಊರಿನ ಆಶಾ ಕಾರ್ಯಕರ್ತೆ. ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಮಕ್ಕಳ ಲಸಿಕೆಗೆ ಮನೆಮನೆ ಕೂಗುವುದು, ಮೂವತ್ತು ದಾಟಿದವರಿಗೆಲ್ಲ ಬಿಪಿ, ಶುಗರ್ ಬರುವ ಸಂಭವ ಇದೆಯೇ ಅಂತ ಒಂದು ಫಾರಂ ತುಂಬಿಸುವುದು ನನ್ನ ಕೆಲಸ. ಆ ಫಾರಂನಲ್ಲಿ ಸೊಂಟದ ಸುತ್ತಳತೆ ಅಂತ ಒಂದು ಸಾಲು ಇದೆ. ಅದರ ಮುಂದೆ ಗುರುತು ಹಾಕಲು ಮೂರು ಚೌಕದ ಮನೆ. ಸೊಂಟ ಸಣ್ಣದಿದ್ದರೆ ಮೊದಲನೆಯದಕ್ಕೆ ಗುರುತು, ದಪ್ಪವಿದ್ದರೆ ಎರಡನೆಯದಕ್ಕೆ, ಇನ್ನೂ ದಪ್ಪವಿದ್ದರೆ ಮೂರನೆಯದಕ್ಕೆ. ನಾಲ್ಕು ವರ್ಷದ ಹಿಂದೆ, ಯುಗಾದಿ ಕಳೆದ ಮೇಲಿನ ಬಿಸಿಲಿನಲ್ಲಿ, ಈ ಟೇಪು ಹಿಡಿದುಕೊಂಡು ಇಡೀ ಊರು ಸುತ್ತಿದೆ. ಗಂಡಸರು ತಾವೇ ಟೇಪು ಸುತ್ತಿಕೊಂಡು ತುದಿ ನನ್ನ ಕೈಗೆ ಕೊಡುತ್ತಿದ್ದರು. "ಏನ್ ಜಯಕ್ಕ, ಅಂಗಿ ಹೊಲ್ಸಿ ಕೊಡ್ತೀಯಾ?" ಅಂತ ಒಬ್ಬರಾದ ಮೇಲೆ ಒಬ್ಬರು ಅದೇ ತಮಾಷೆ. ನಾನೂ ನಕ್ಕು ನಕ್ಕು ಸುಸ್ತಾಗಿ ಕೊನೆಗೆ ಬೈಯಲು ಶುರು ಮಾಡಿದ್ದೆ.

ಊರಿನವರದ್ದೆಲ್ಲ ಮುಗಿದು ಕೊನೆಗೆ ಉಳಿದದ್ದು ನಮ್ಮದೇ ಮನೆ. ನಮ್ಮದು ಒಂದೇ ಹಟ್ಟಿಯಲ್ಲಿ ಎರಡು ಒಲೆ. ಒಂದು ನನ್ನದು, ಇನ್ನೊಂದು ನನ್ನ ಗಂಡನ ಅಣ್ಣ ಸೋಮೇಗೌಡರದ್ದು. ಅವರು ನನಗೆ ಭಾವ. ಮದುವೆಯಾಗಿ ಬಂದು ಹನ್ನೊಂದು ವರ್ಷವಾಗಿತ್ತು, ಅವರ ಎದುರು ನಾನು ಕೂತವಳಲ್ಲ. ನೀರಿನ ಚೊಂಬನ್ನೂ ಕೈಗೆ ಕೊಟ್ಟವಳಲ್ಲ, ಜಗಲಿ ಮೇಲೆ ಇಟ್ಟು ಹಿಂದಕ್ಕೆ ಸರಿಯುತ್ತಿದ್ದೆ. ಅವರೂ ಅಷ್ಟೆ, ನನಗೆ ಏನಾದರೂ ಹೇಳಬೇಕಿದ್ದರೆ ಗೋಡೆ ಕಡೆ ನೋಡಿಕೊಂಡು ಹೇಳುತ್ತಿದ್ದರು. ಯಾರೂ ಹೀಗಿರು ಅಂತ ಹೇಳಿಕೊಟ್ಟದ್ದಲ್ಲ. ನಮ್ಮ ಕಡೆ ಭಾವ ಅಂದರೆ ಹಾಗೇ.

ಅವತ್ತು ಅವರು ಬನಿಯನ್ನಿನಲ್ಲಿ ಜಗಲಿ ಮೇಲೆ ಕೂತಿದ್ದರು. ಹೊಟ್ಟೆ ತೊಡೆಯ ಮೇಲೆ ಬಂದು ಕೂತಿತ್ತು. ನಾನು ಸೆರಗು ಹೊದ್ದು ಬಾಗಿಲ ಮರೆಯಲ್ಲಿ ನಿಂತು ಬೀಡಿ ಉಂಟಾ, ಕುಡಿತ ಉಂಟಾ, ದಿನಾ ನಡೆದಾಡ್ತೀರಾ ಅಂತ ಕೇಳಿದೆ. ಅವರು ಗೋಡೆಗೆ ಉತ್ತರ ಕೊಟ್ಟರು. ಸೊಂಟದ ಸಾಲು ಬಂತು. ಟೇಪು ಚೀಲದಲ್ಲೇ ಇತ್ತು. ಯಾರು ಬೇಕಾದರೂ ಕಣ್ಣಲ್ಲೇ ಹೇಳಬಹುದಿತ್ತು, ಅದು ಮೂರನೇ ಮನೆಯ ಸೊಂಟ. ಮೂರನೇ ಮನೆಗೆ ಗುರುತು ಬಿದ್ದರೆ ಅವರನ್ನು ನಮ್ಮ ಸರ್ಕಾರಿ ಆಸ್ಪತ್ರೆ ಪಿಎಚ್‌ಸಿಗೆ ಕರೆಸುತ್ತಾರೆ, ಯಾರು ಬರೆದದ್ದು ಅಂತ ಕೇಳುತ್ತಾರೆ, ತಮ್ಮನ ಹೆಂಡತಿ ನನ್ನ ಹೊಟ್ಟೆ ನೋಡಿ ಬರೆದಳು ಅಂತ ಆಗುತ್ತದೆ. ಥೂ, ನಾಚಿಕೆಗೇಡು ಅನ್ನಿಸಿತು. ಮೊದಲನೇ ಮನೆಗೆ ಗುರುತು ಹಾಕಿ ಒಳಕ್ಕೆ ಹೋಗಿಬಿಟ್ಟೆ. ಅಳೆಯಲಿಲ್ಲ. ಅಳೆದಂತೆ ಬರೆದೆ.

ಒಂದು ತಿಂಗಳು ಅದು ನನ್ನ ತಲೆಯಲ್ಲೇ ಇರಲಿಲ್ಲ. ಮುಂಗಾರು ಶುರುವಾಗುವ ಹೊತ್ತಿಗೆ ಪಿರಿಯಾಪಟ್ಟಣದಲ್ಲಿ ನಮಗೆಲ್ಲ ಒಂದು ತರಬೇತಿ ಇಟ್ಟರು. ಮಾತಾಡಿದ್ದು ನಮ್ಮ ಪಿಎಚ್‌ಸಿಯ ಡಾಕ್ಟರಮ್ಮ. ಮೈಸೂರಿನವರು, ಮಾತು ಖಾರ, ಮನಸ್ಸು ಒಳ್ಳೆಯದು. ಊಟದ ಮೇಲಿನ ಹೊತ್ತು, ಅರ್ಧ ಜನ ತೂಕಡಿಸುತ್ತಿದ್ದೆವು.

"ಬೊಜ್ಜು ಅಂದ್ರೆ ಏನು ಅಂದ್ಕೊಂಡಿದ್ದೀರಿ ನೀವೆಲ್ಲ?" ಅಂತ ಮೇಜು ಕುಟ್ಟಿದರು. "ಅಟ್ಟದ ಮೇಲಿನ ರಾಗಿ ಮೂಟೆ ತರ ಸುಮ್ನೆ ಬಿದ್ದಿರುತ್ತೆ ಅಂತಾನಾ? ಅಲ್ಲ. ಅದು ಹಗಲೂ ರಾತ್ರಿ ಕೆಲಸ ಮಾಡುತ್ತೆ. ರಕ್ತಕ್ಕೆ ಹಾರ್ಮೋನು ಬಿಡುತ್ತೆ."

ಬೋರ್ಡಿನ ಮೇಲೆ ಎರಡು ಹೆಸರು ಬರೆದರು. ಲೆಪ್ಟಿನ್, ಅಡಿಪೊನೆಕ್ಟಿನ್. ನನ್ನ ಪುಸ್ತಕದಲ್ಲಿ ಈಗಲೂ ಇವೆ. ಲೆಪ್ಟಿನ್ ಅನ್ನುವುದು ಹೊಟ್ಟೆ ತುಂಬಿತು, ಸಾಕು ಮಾಡು ಅಂತ ಮಿದುಳಿಗೆ ಹೇಳುವ ಹಾರ್ಮೋನಂತೆ. ಬೊಜ್ಜು ಹೆಚ್ಚಾದಷ್ಟೂ ಅದೂ ಹೆಚ್ಚುತ್ತದೆ. ಬರಬರುತ್ತಾ ಮಿದುಳು ಅದರ ಮಾತು ಕೇಳುವುದನ್ನೇ ಬಿಡುತ್ತದೆ. ಆದರೆ ಬೇರೆ ಕಡೆ ಅದು ಸುಮ್ಮನಿರುವುದಿಲ್ಲ, ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಬೆಳೆಯಿರಿ, ಬೆಳೆಯಿರಿ ಅಂತ ಕುಮ್ಮಕ್ಕು ಕೊಡುತ್ತದೆ. ಅಡಿಪೊನೆಕ್ಟಿನ್ ಅನ್ನುವುದು ಆ ಬೆಳವಣಿಗೆಯನ್ನು ಹಿಡಿದು ನಿಲ್ಲಿಸುವ ಕಡೆಯದು. ಅದೂ ಕೊಬ್ಬಿನಿಂದಲೇ ಬರುವುದು, ಆದರೆ ಬೊಜ್ಜು ಹೆಚ್ಚಾದರೆ ಅದು ಕಮ್ಮಿಯಾಗುತ್ತದೆ. ನನಗೆ ತಟ್ಟನೆ ನಮ್ಮ ಬ್ಯಾರನ್ ಕಣ್ಣಿಗೆ ಬಂತು. ಒಲೆಗೆ ಸೌದೆ ತಳ್ಳುವವರು ತಳ್ಳುತ್ತಲೇ ಇದ್ದಾರೆ, ಕಾವು ಬಿಡಲು ಗೋಡೆಯ ಕಿಂಡಿ ತೆರೆಯಬೇಕಾದವರು ಎದ್ದು ಹೋಗಿದ್ದಾರೆ.

"ಹೊಟ್ಟೆ ಇರೋರಿಗೆಲ್ಲ ಕರುಳಿನ ಕ್ಯಾನ್ಸರ್ ಬರುತ್ತೆ ಅಂತ ಊರಲ್ಲಿ ಹೆದರಿಸಿ ಬರಬೇಡಿ," ಅಂದರು ಡಾಕ್ಟರಮ್ಮ. "ತೆಳ್ಳಗಿರೋರಿಗೆ ಬರಲ್ಲ ಅಂತಲೂ ಹೇಳಬೇಡಿ. ಬೊಜ್ಜಿದ್ರೆ ಅಪಾಯ ಏರುತ್ತೆ, ಅಷ್ಟೇ. ಯಾಕೆ ಏರುತ್ತೆ ಅನ್ನೋದಕ್ಕೆ ಈ ಹಾರ್ಮೋನುಗಳೂ ಒಂದು ಕಾರಣ ಅಂತ ತಿಳಿದವರು ಹೇಳ್ತಾರೆ. ಅದಕ್ಕೇ ಟೇಪು ಕೊಟ್ಟಿರೋದು. ದಯವಿಟ್ಟು ಅಂದಾಜಲ್ಲಿ ಬರೀಬೇಡಿ."

ನನ್ನ ತೂಕಡಿಕೆ ಹಾರಿಹೋಯಿತು. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿ ಪಕ್ಕ ಸೀಟು ಸಿಕ್ಕಿದ್ದರೂ ಎರಡು ಸಲ ಎದ್ದು ನಿಂತೆ. ಕಂಡಕ್ಟರು, "ಯಾಕಮ್ಮ, ಇಲ್ಲೇ ಇಳೀತೀರಾ?" ಅಂತ ಕೇಳಿದ. ಮನೆಗೆ ಹೋದ ತಕ್ಷಣ ಟೇಪು ತೆಗೆದು ಭಾವನ ಸೊಂಟ ಅಳೆದುಬಿಡಬೇಕು ಅಂತ ದಾರಿಯುದ್ದಕ್ಕೂ ಅಂದುಕೊಂಡೆ. ಹಟ್ಟಿ ಬಾಗಿಲಲ್ಲಿ ಅವರ ಚಪ್ಪಲಿ ಕಂಡೊಡನೆ ಸೆರಗು ತಾನಾಗಿ ತಲೆ ಮೇಲೆ ಬಂತು. ಅಷ್ಟೇ ನನ್ನ ಧೈರ್ಯ.

ಆಷಾಢ ಬಂತು, ಸೊಪ್ಪು ಮುರಿಯುವುದು ಶುರುವಾಯಿತು. ಹೊಲದಿಂದ ಹಸಿರೆಲೆ ಬಂದು ಅಂಗಳದಲ್ಲಿ ಬೀಳುತ್ತದೆ, ಹೆಂಗಸರೆಲ್ಲ ಕೂತು ಉದ್ದ ಕಡ್ಡಿಗಳಿಗೆ ಅದನ್ನು ದಾರದಲ್ಲಿ ಕಟ್ಟುತ್ತೇವೆ, ಕಡ್ಡಿಗಳನ್ನು ಬ್ಯಾರನ್ನಿನೊಳಗೆ ಸಾಲುಸಾಲಾಗಿ ಏರಿಸುತ್ತಾರೆ, ಹೊರಗಿನ ಒಲೆಗೆ ಬೆಂಕಿ ಕೊಡುತ್ತಾರೆ. ಐದಾರು ದಿನ ಒಂದೇ ಸಮ ಕಾವು ನೋಡಿಕೊಳ್ಳಬೇಕು. ಸ್ವಲ್ಪ ಹೆಚ್ಚು ಕಮ್ಮಿಯಾದರೆ ಇಡೀ ಬ್ಯಾರನ್ ಹಾಳು. ಭಾವ ಆ ಕೆಲಸದಲ್ಲಿ ಗಟ್ಟಿಗರು. ಥರ್ಮಾಮೀಟರ್ ನೋಡುವ ಮೊದಲೇ ಗೋಡೆಗೆ ಅಂಗೈ ಇಟ್ಟು ಕಾವು ಹೇಳುತ್ತಿದ್ದರು.

ಆ ಸಲ ಜಿಟಿಜಿಟಿ ಮಳೆ. ಅಂಗಳಕ್ಕೆ ಟಾರ್ಪಾಲು ಕಟ್ಟಿಕೊಂಡು ಏಳೆಂಟು ಜನ ಸೊಪ್ಪು ಕಟ್ಟುತ್ತಿದ್ದೆವು. ಬೆರಳಿಗೆಲ್ಲ ಕಪ್ಪು ಜಿಗುಟು. ನನ್ನ ಪಕ್ಕದಲ್ಲಿ ನನ್ನ ಓರಗಿತ್ತಿ, ಭಾವನ ಹೆಂಡತಿ ಗೌರಕ್ಕ. ಅವಳು ಮಾತಾಡದೆ ಒಂದು ಕಡ್ಡಿ ಕಟ್ಟಿದವಳಲ್ಲ.

"ಕೇಳ್ರವ್ವ ಇಲ್ಲಿ," ಅಂದಳು. "ಯುಗಾದೀಲಿ ಎಣ್ಣೆ ನೀರು ಹುಯ್ದು ನಮ್ ಯಜಮಾನ್ರಿಗೆ ಒಸ ಉಡದಾರ ಕಟ್ಟಿದ್ನಾ? ಆಗ ದಾರ ಸಾಲ್ದೆ ಎಳ್ದೂ ಎಳ್ದೂ ಗಂಟಾಕಿದ್ದೆ. ಈಗ ನೋಡಿದ್ರೆ ಅದು ಜಾರಿ ಜಾರಿ ಕೆಳಕ್ಕೆ ಬತ್ತದೆ! ಓದ್ ತಿಂಗ್ಳು ಬ್ಯಾರನ್ಗೆ ಸೌದೆ ಒಟ್ಟೋವಾಗ ಇಡ್ದು ಇನ್ನೊಂದು ಗಂಟಾಕ್ದೆ. ನೆನ್ನೆ ಮತ್ತೊಂದು. ಬ್ಯಾರನ್ನು ಅಂದ್ರೆ ಬ್ಯಾರನ್ನು ಬುಡಿ, ಯಾವ ಡಾಕ್ಟ್ರೂ ಇಳಿಸ್ದೆ ಇರೋ ಒಟ್ಟೆ ಇಳಿಸ್ಬುಡ್ತು!"

ಎಲ್ಲರೂ ನಕ್ಕರು. "ನಮ್ ಮನೆಯೋರ್ನೂ ನಿಮ್ ಬ್ಯಾರನ್ಗೇ ಕಳುಸ್ತೀನಿ ಕಣಕ್ಕ," ಅಂದಳು ಒಬ್ಬಳು. ನನ್ನ ಕೈ ದಾರದಲ್ಲೇ ನಿಂತಿತು. ಅವರು ವರ್ಷ ವರ್ಷವೂ ಬ್ಯಾರನ್ ಮಾಡುತ್ತಾರೆ. ಯಾವ ವರ್ಷವೂ ಹೊಟ್ಟೆ ಇಳಿದಿರಲಿಲ್ಲ.

"ಅಕ್ಕ, ಊಟ ಸರಿಯಾಗಿ ಮಾಡ್ತವ್ರಾ?" ಅಂತ ಕೇಳಿದೆ.

"ಎಲ್ಲಿ ಮಾಡ್ತಾರೆ? ಎರಡು ಮುದ್ದೆ ಉಣ್ಣೋರು ಈಗ ಅರ್ಧಕ್ಕೇ ಕೈ ತೊಳೀತಾರೆ. ಉಸ್ಣ ಕಣೇ. ಒಲೆ ಮುಂದೇನೇ ಇರ್ತಾರಲ್ಲ." ದನಿ ತಗ್ಗಿಸಿ ನನ್ನ ಕಿವಿಗೆ ಬಾಗಿದಳು. "ಈಚ್ಲಿಗೆ ಬಯಲ್ ಕಡೆಗೋದಾಗ ರಕ್ತಾನೂ ಬೀಳ್ತದಂತೆ. ಬಟ್ಟೆ ಒಗೆಯೋವಾಗ ನಾನೂ ನೋಡ್ದೆ. ಮೂಲವ್ಯಾದಿ. ಬ್ಯಾರನ್ ಮಾಡೋ ಗಂಡಸ್ರಿಗೆಲ್ಲ ಆಗೋದೇಯ. ಕೊಪ್ಪದ ಸಂತೆಯಿಂದ ಒಂದು ಅವುಸ್ದಿ ತಂದವ್ರೆ, ಮಜ್ಜಿಗೇಲಿ ಆಕಿ ಕೊಡ್ತಾ ಇವ್ನಿ."

ನಮ್ಮ ಊರಿನಲ್ಲಿ ಇದನ್ನು ಸುಳ್ಳು ಅಂತ ಹೇಳುವವರೇ ಇರಲಿಲ್ಲ. ಬೆಂಕಿಯ ಮುಂದೆ ತಿಂಗಳುಗಟ್ಟಲೆ ಇರುವವನಿಗೆ ಉಷ್ಣ ಏರುತ್ತದೆ, ಉಷ್ಣ ಏರಿದರೆ ರಕ್ತ ಬೀಳುತ್ತದೆ, ಎಳನೀರು ಮಜ್ಜಿಗೆ ಕುಡಿದು ನೆತ್ತಿಗೆ ಹರಳೆಣ್ಣೆ ಹಾಕಿದರೆ ಇಳಿಯುತ್ತದೆ. ಅವತ್ತಿನವರೆಗೆ ನಾನೂ ಹಾಗೇ ನಂಬಿದ್ದೆ, ಇಬ್ಬರು ಮೂವರಿಗೆ ಹಾಗೇ ಹೇಳಿಯೂ ಇದ್ದೆ.

ಮಾರನೇ ದಿನ ಪಿಎಚ್‌ಸಿ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆ. ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಐವತ್ತೆರಡು ವಯಸ್ಸು, ರಕ್ತ, ಊಟ ಸೇರುತ್ತಿಲ್ಲ, ಮೈ ಇಳಿದಿದೆ. ಅವರು ಫಾರಂ ಕಟ್ಟಿನಿಂದ ಭಾವನದ್ದನ್ನು ತೆಗೆದರು.

"ಸೊಂಟ ಕಮ್ಮಿ ಇದೆ ಅಂತ ಬರ್ದಿದ್ದೀಯಲ್ಲ? ತೆಳ್ಳಗಿದ್ದೋರಾ?"

"ಇಲ್ಲ ಮೇಡಂ. ದೊಡ್ಡ ಹೊಟ್ಟೆ ಇತ್ತು. ನಾನು ಅಳೀಲಿಲ್ಲ. ನನ್ ಭಾವ ಮೇಡಂ ಅವರು."

ಬೈಯುತ್ತಾರೆ ಅಂತ ಕಾದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವರು ಫಾರಂ ಮಡಿಸಿ ಪಕ್ಕಕ್ಕಿಟ್ಟರು. "ಟೇಪು ಕ್ಯಾನ್ಸರ್ ಕಂಡುಹಿಡಿಯಲ್ಲ ಜಯಮ್ಮ. ಆದ್ರೆ ಸರಿಯಾದ ಮನೆಗೆ ಗುರುತು ಬಿದ್ದಿದ್ರೆ ಅವರು ಬೇಸಿಗೇಲೇ ಬಂದು ನನ್ನ ಮುಂದೆ ಕೂತಿರ್ತಿದ್ರು. ಕೂತಿದ್ರೆ ನಾನು ಕೇಳ್ತಿದ್ದೆ. ಈಗ ಆಗಿದ್ದಾಯ್ತು, ಕರ್ಕೊಂಡು ಬಾ. ಮೂಲವ್ಯಾಧಿನೋ ಇನ್ನೊಂದೋ, ನೋಡದೆ ಹೇಳೋಕೆ ನಾನ್ಯಾರು, ನೀನ್ಯಾರು?"

ಕರೆದುಕೊಂಡು ಬಾ ಅನ್ನುವುದು ಸುಲಭ. ಕುಮಾರನಿಗೆ ಹೇಳಿದೆ. "ಅಣ್ಣನ ಮುಂದೆ ನಿಂತ್ಕಂಡು ಕಡೆಗೋಗೋ ಮಾತಾಡಕಾಯ್ತದೇನೇ?" ಅಂತ ತಲೆ ಕೆರೆದುಕೊಂಡ. ಆದರೂ ಹೇಗೋ ಹೇಳಿದ. ಭಾವನ ಉತ್ತರ ಒಂದೇ: "ಈ ಬ್ಯಾರನ್ ಇಳೀಲಿ, ನೋಡನ." ಆ ಬ್ಯಾರನ್ ಇಳಿಯಿತು. ಅಷ್ಟರಲ್ಲಿ ಹೊಲದಲ್ಲಿ ಮುಂದಿನ ಎಲೆ ಹಣ್ಣಾಗಿತ್ತು, ಎರಡನೆಯದು ಏರಿತು. "ಇದೊಂದು ಇಳೀಲಿ." ಮೂರನೆಯದೂ ಏರಿತು. ಸೊಪ್ಪಿನ ಕಾಲದಲ್ಲಿ ಬ್ಯಾರನ್ನಿಗೆ ಬಿಡುವೇ ಇರುವುದಿಲ್ಲ, ಅದನ್ನು ಕಾಯುವವನಿಗೂ ಇಲ್ಲ.

ಆ ಮೂರು ವಾರ ನಾನು ಮನುಷ್ಯಳಾಗಿರಲಿಲ್ಲ. ಮಕ್ಕಳಿಗೆ ಸುಮ್ಮಸುಮ್ಮನೆ ಗದರುತ್ತಿದ್ದೆ. ಸಾರಿಗೆ ಉಪ್ಪು ಎರಡು ಸಲ ಹಾಕುತ್ತಿದ್ದೆ, ಇಲ್ಲವೇ ಹಾಕುತ್ತಲೇ ಇರಲಿಲ್ಲ. ಲಸಿಕೆ ಪಟ್ಟಿ ಹಿಡಿದು ಮೇಲಿನ ಬೀದಿಗೆ ಹೊರಟವಳು ಬ್ಯಾರನ್ ಕಡೆಯಿಂದ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ, ಬರುವಾಗಲೂ ಅದೇ ದಾರಿ. ದೂರದಿಂದ ಭಾವನ ಬೆನ್ನು ನೋಡುತ್ತಿದ್ದೆ. ಅಂಗಿ ಜೋಲುತ್ತಿತ್ತು. ನಾನು ಗುರುತು ಹಾಕಿದ ಮೊದಲನೇ ಮನೆಯ ಕಡೆಗೆ ಆ ಸೊಂಟ ತಾನೇ ಬರುತ್ತಿದೆಯಲ್ಲಾ ಅನ್ನಿಸುತ್ತಿತ್ತು.

ಶ್ರಾವಣದ ಒಂದು ಬೆಳಿಗ್ಗೆ ಹಾಗೇ ಹೋಗುತ್ತಿದ್ದಾಗ ಅವರು ಸೌದೆ ತುಂಡು ಎತ್ತಲು ಬಗ್ಗಿ, ಏಳಲಾಗದೆ ಬ್ಯಾರನ್ ಗೋಡೆಗೆ ಕೈ ಕೊಟ್ಟು ನಿಂತದ್ದು ಕಂಡೆ. ಮುಖ ಸುಣ್ಣದಂತಾಗಿತ್ತು. ನನಗೆ ಏನಾಯಿತೋ ಗೊತ್ತಿಲ್ಲ. ಕೈಯಲ್ಲಿದ್ದ ಚೀಲ ಅಲ್ಲೇ ಬಿಸಾಕಿ ನೇರ ಹೋಗಿ ಅವರ ಎದುರಿಗೆ ನಿಂತೆ. ಸೆರಗು ಎಲ್ಲಿತ್ತೋ ನೋಡಿಕೊಳ್ಳಲಿಲ್ಲ.

"ಭಾವ, ಇವತ್ತು ನೀವು ಆಸ್ಪತ್ರೆಗೆ ಹೋಗ್ಬೇಕು. ಇವತ್ತೇ."

ಅವರು ಗೋಡೆ ಕಡೆ ತಿರುಗಿದರು. "ಒಳಗೆ ಸೊಪ್ಪದೆ ಕಣಮ್ಮ. ನಾಲ್ಕನೇ ದಿನ. ಯಾರು ನೋಡ್ಕಂಡಾರು?"

"ನಾನು ನೋಡ್ಕೋತೀನಿ."

ಅಷ್ಟು ಸುಸ್ತಿನಲ್ಲೂ ಅವರಿಗೆ ನಗು ಬಂತು. "ನೀನಾ? ಕೆ.ಆರ್. ನಗರದ ಚಾನಲ್ ನೀರಿನೋಳು ನೀನು. ಬತ್ತದ ಪೈರು ಕೊಟ್ರೆ ನೆಟ್ಟೀಯ. ಬ್ಯಾರನ್ ಕಾವು ನಿಂಗೇನು ಗೊತ್ತು?"

"ಥರ್ಮಾಮೀಟರ್ ನೋಡೋದು ಗೊತ್ತು ಭಾವ. ಊರಿನವ್ರ ಜ್ವರವೆಲ್ಲ ನೋಡೋಳು ನಾನೇ ಅಲ್ವಾ?"

ಅವರು ತಿರುಗಿ ನನ್ನ ಮುಖ ನೋಡಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲಿಲ್ಲ. ಹೆದರಿದ್ದೇನೆ ಅಂತ ಅವರಿಗೆ ಗೊತ್ತಾಗಲಿ ಅಂತಲೇ ಬಿಟ್ಟೆ. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡರು. "ನಾಳೆ ಸಂಜೆಗಂಟ ಇದೇ ಕಾವಿರ್ಲಿ. ಆತುರುಕ್ಕೆ ಬಿದ್ದು ಸೌದೆ ತುಂಬ್ಬೇಡ. ಬೂದಿ ಮಾಡ್ಬುಟ್ಟೀಯ ಕಣಮ್ಮ," ಅಂದು ಕುಮಾರನ ಗೂಡ್ಸ್ ಆಟೋ ಹತ್ತಿದರು.

ಡಾಕ್ಟರಮ್ಮ ಬೆರಳಿಟ್ಟು ನೋಡಿ, ಮೂಲವ್ಯಾಧಿ ಕಾಣುತ್ತಿಲ್ಲ ಅಂತ ಅವತ್ತೇ ಮೈಸೂರಿಗೆ ಚೀಟಿ ಬರೆದರು. ಅಲ್ಲಿ ಹೊಟ್ಟೆ ಖಾಲಿ ಮಾಡಿಸುವ ಔಷಧಿ ಕುಡಿಸಿ, ಮಾರನೇ ದಿನ ಹಿಂದಿನಿಂದ ಕ್ಯಾಮೆರಾ ಬಿಟ್ಟು ದೊಡ್ಡ ಕರುಳು ನೋಡಿದರು. ರಾತ್ರಿಯ ಪಾಳಿಯನ್ನು ಪಕ್ಕದ ಬ್ಯಾರನ್ನಿನವರು ನೋಡಿಕೊಂಡಿದ್ದರು, ಹಗಲಿಗೆ ನಾನು ಕೂತಿದ್ದೆ. ಕೂತಿದ್ದೆ ಅನ್ನುವುದು ಮಾತಿಗೆ, ಒಲೆಯಿಂದ ಕಿಂಡಿಗೆ, ಕಿಂಡಿಯಿಂದ ಒಲೆಗೆ ಓಡಾಡುತ್ತಲೇ ಇದ್ದೆ. ಮಧ್ಯಾಹ್ನ ಕುಮಾರನ ಫೋನು ಬಂತು.

"ಒಳಗೆ ಗಡ್ಡೆ ಅದಂತೆ ಕಣೇ. ಎಡಗಡೇಲಿ. ಚೂರು ಕಿತ್ತು ಪರೀಕ್ಷೆಗೆ ಕಳ್ಸವ್ರೆ. ನೋಡಿದ್ರೆ ಅದೇ ಅನ್ನುಸ್ತದೆ ಅಂತವ್ರೆ." ಇಬ್ಬರೂ ಫೋನು ಕಿವಿಗಿಟ್ಟುಕೊಂಡು ಹಾಗೇ ಇದ್ದೆವು. ಅಷ್ಟು ಹೊತ್ತೂ ನನ್ನ ಇನ್ನೊಂದು ಕೈ ಒಲೆಗೆ ಸೌದೆ ತಳ್ಳುತ್ತಲೇ ಇತ್ತು ಅನ್ನುವುದು ನನಗೆ ತಿಳಿಯಲೇ ಇಲ್ಲ. ಪಕ್ಕದ ಬ್ಯಾರನ್ನಿನವರು, "ಏಯ್ ಜಯಮ್ಮ, ಏನ್ ಮಾಡ್ತಿದ್ದೀಯೇ!" ಅಂತ ಕೂಗಿಕೊಂಡು ಬಂದು ಉರಿ ಎಳೆದು ಹೊರಹಾಕಿದಾಗ ಥರ್ಮಾಮೀಟರ್ ಎಲ್ಲೋ ಏರಿಹೋಗಿತ್ತು. ನಿಂಬೆಹಣ್ಣಿನ ಬಣ್ಣಕ್ಕೆ ಬರಬೇಕಾದ ಸೊಪ್ಪು ಕೆಂಪಾಗಿ ಇಳಿಯಿತು, ಇಡೀ ಬ್ಯಾರನ್ನು.

ಪರೀಕ್ಷೆಯಲ್ಲಿ ಅದೇ ಅಂತ ಬಂತು. ಲಿವರಿಗೆ ಹಬ್ಬಿಲ್ಲ, ಕರುಳಿನ ಪಕ್ಕದ ಎರಡು ದುಗ್ಧರಸದ ಗಂಟಿಗೆ ಮುಟ್ಟಿದೆ ಅಂದರು. ಗೌರಿ ಹಬ್ಬಕ್ಕೆ ಇನ್ನೆರಡು ದಿನವಿದ್ದಾಗ ಆಪರೇಷನ್ ಆಯಿತು. ಒಳಗೆ ಕರೆದೊಯ್ಯುವ ಮೊದಲು ನರ್ಸು ಕತ್ತರಿಯಲ್ಲಿ ಉಡದಾರ ಕತ್ತರಿಸಿ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಗೌರಕ್ಕನ ಕೈಗೆ ಕೊಟ್ಟಳು. ಕಪ್ಪು ದಾರ, ಅದರಲ್ಲಿ ಮೂರು ಗಂಟು. ಯುಗಾದಿಯದ್ದೊಂದು, ಆಮೇಲೆ ಬಿಗಿ ಮಾಡಿದ್ದು ಎರಡು. ಗೌರಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅದನ್ನು ಕವರಿನ ಹೊರಗಿನಿಂದಲೇ ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದಳು.

"ನಾನೇ ಕಟ್ಟಿದ್ನಲ್ಲೇ ಜಯಾ. ನಗ್ತಾ ನಗ್ತಾ ಕಟ್ಟಿದ್ನಲ್ಲೇ."

ಅವಳನ್ನು ತಬ್ಬಿಕೊಂಡು ನಾನೂ ಅತ್ತೆ. ನೀನು ಗಂಟು ಹಾಕುವ ಮೊದಲೇ ನಾನು ಗುರುತು ತಪ್ಪು ಹಾಕಿದ್ದೆ ಅಂತ ಹೇಳಬೇಕು ಅಂತ ಬಾಯಿ ತುದಿಗೆ ಬಂತು. ಹೇಳಲಿಲ್ಲ. ಅವಳ ಅಳುವಿನ ಮೇಲೆ ನನ್ನದನ್ನೂ ಹೊರಿಸುವುದು ಬೇಡ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೆದರಿಕೆ.

ಊರವರು ಒಬ್ಬೊಬ್ಬರು ಒಂದೊಂದು ಹೇಳಿದರು. ಹೊಗೆಸೊಪ್ಪಿನ ಶಾಪ ಅಂದರು. ಆದರೆ ಭಾವ ಒಂದು ದಿನವೂ ಬೀಡಿ ಸೇದಿದವರಲ್ಲ, ಸೊಪ್ಪು ಬಾಯಿಗಿಟ್ಟವರಲ್ಲ. ಕುಲುಮೆ ಮುಂದೆ ಇದ್ದಂತೆ ಇದ್ದರೆ ಇನ್ನೇನಾಗುತ್ತದೆ ಅಂದರು. ನಾನು ಡಾಕ್ಟರಮ್ಮನನ್ನೇ ಕೇಳಿದೆ, "ಆ ಹೊಟ್ಟೆಯಿಂದಲೇ ಬಂತಾ ಮೇಡಂ? ಆ ಲೆಪ್ಟಿನ್ನಿಂದಲೇನಾ?"

"ಒಬ್ಬ ಮನುಷ್ಯನನ್ನ ತೋರಿಸಿ ಇವನಿಗೆ ಇದರಿಂದಲೇ ಬಂತು ಅಂತ ಯಾರಿಗೂ ಹೇಳೋಕಾಗಲ್ಲ," ಅಂದರು. "ವಯಸ್ಸು ಇರುತ್ತೆ, ವಂಶ ಇರುತ್ತೆ, ತಿನ್ನೋದು ಇರುತ್ತೆ, ನಮಗೆ ಗೊತ್ತಿಲ್ಲದ್ದು ಎಷ್ಟೋ ಇರುತ್ತೆ. ಆ ಹೊಟ್ಟೆ ಅಪಾಯ ಏರಿಸಿತ್ತು, ಅಷ್ಟು ಹೇಳಬಲ್ಲೆ."

ಅಷ್ಟು ಸಾಕಿತ್ತು ನನ್ನ ನಿದ್ದೆ ಕೆಡಲು. ಗೌರಕ್ಕನಂತೂ ನಾನು ಮನೆಯಲ್ಲಿ ಇದನ್ನೆಲ್ಲ ವಿವರಿಸಿದ ಮೇಲೆ ತನ್ನ ಸೊಂಟ ಹಿಡಿದುಕೊಂಡು, "ಅಂಗಾರೆ ನಾನೂ ಓಯ್ತೀನೇನೇ?" ಅಂತ ಕೇಳಿದಳು. "ಓಗಲ್ಲ, ಮೂರನೇ ಮುದ್ದೆ ಬುಡು, ಸಂಜೆ ನನ್ ಜೊತೆ ಕೆರೆ ಏರಿ ಮೇಲೆ ನಡಿ," ಅಂತ ಗದರಿದೆ. ಈಗಲೂ ಇಬ್ಬರೂ ನಡೆಯುತ್ತೇವೆ. ಅವಳು ಮಾತಾಡುತ್ತಾಳೆ, ನಾನು ಬೇಗ ಬೇಗ ಹೆಜ್ಜೆ ಹಾಕುತ್ತೇನೆ.

ಭಾವ ಬದುಕಿದರು. ಆರು ತಿಂಗಳು ಮೈಸೂರಿಗೆ ಓಡಾಡಿ ಕೀಮೋ ತೆಗೆದುಕೊಂಡರು, ಕೈಕಾಲು ಬೆರಳು ಜೋಮು ಹಿಡಿದವು, ಬ್ಯಾರನ್ ಗೋಡೆಗೆ ಅಂಗೈ ಇಟ್ಟು ಕಾವು ಹೇಳುವುದು ಹೋಯಿತು. ಈಗ ಎಲ್ಲರಂತೆ ಥರ್ಮಾಮೀಟರ್ ನೋಡುತ್ತಾರೆ. ನನ್ನ ಜೊತೆ ಮಾತಾಡುವಾಗ ಗೋಡೆ ಕಡೆ ತಿರುಗುವುದನ್ನು ಬಿಟ್ಟಿದ್ದಾರೆ. "ನಮ್ ಜಯಮ್ಮ ಒಂದ್ ಬ್ಯಾರನ್ ಸೊಪ್ಪ ಕೆಂಪು ಮಾಡಿ ನನ್ ಜೀವ ಉಳ್ಸಿದ್ಲು" ಅಂತ ಬಂದವರಿಗೆಲ್ಲ ಹೇಳುತ್ತಾರೆ. ಅವರು ಹಾಗೆ ಹೇಳಿದಾಗೆಲ್ಲ ನಾನು ಎದ್ದು ಒಳಕ್ಕೆ ಹೋಗುತ್ತೇನೆ. ನಾಚಿಕೆ ಅಂತ ಅವರು ತಿಳಿದುಕೊಂಡಿದ್ದಾರೆ ಅಂದುಕೊಂಡಿದ್ದೆ. ಆಮೇಲೆ ವರ್ಷ ವರ್ಷ ಫಾರಂ ತುಂಬುವಾಗ ಅವರ ಸೊಂಟ ಅಳೆದದ್ದು ಪಿಎಚ್‌ಸಿಯ ನರ್ಸಮ್ಮ, ನಾನಲ್ಲ.

ಇವತ್ತು ಬೆಳಿಗ್ಗೆ ಆ ವಾಸನೆ ಬಂದಾಗ ಸಾಕು ಅನ್ನಿಸಿಬಿಟ್ಟಿತು. ಟೇಪು ಮಕ್ಕಳ ಜಾಮಿಟ್ರಿ ಬಾಕ್ಸಿನ ಕೆಳಗೆ ಸಿಕ್ಕಿತು. ತೆಗೆದುಕೊಂಡು ಬ್ಯಾರನ್ ಹತ್ತಿರ ಹೋದೆ. ಭಾವ ಒಲೆ ಮುಂದೆ ಕಲ್ಲಿನ ಮೇಲೆ ಕೂತಿದ್ದರು.

"ಭಾವ, ಒಂದು ಮಾತು. ನಿಮಗೆ ಕಾಯಿಲೆ ಗೊತ್ತಾದ ವರ್ಷ ಬೇಸಿಗೇಲಿ ನಾನು ಫಾರಂ ತುಂಬ್ಸಿದ್ನಲ್ಲ, ಅವತ್ತು ನಿಮ್ ಸೊಂಟ ಅಳೀಲೇ ಇಲ್ಲ. ಸಣ್ಣ ಸೊಂಟ ಅಂತ ಸುಳ್ಳು ಬರ್ಕೊಂಡೆ. ಸರಿಯಾಗಿ ಬರ್ದಿದ್ರೆ ನಿಮ್ಮನ್ನ ಆಗಲೇ ಡಾಕ್ಟ್ರು ಕರೆಸ್ತಿದ್ರು. ಕೀಮೋ ಇಲ್ದೇನೇ ಮುಗೀತಿತ್ತೋ ಏನೋ. ಜೀವ ಉಳ್ಸಿದ್ಲು ಅಂತ ಇನ್ಮೇಲೆ ಯಾರಿಗೂ ಹೇಳ್ಬೇಡಿ."

ಅವರು ಒಂದು ಸೌದೆ ತುಂಡನ್ನು ಒಲೆಯೊಳಕ್ಕೆ ಸರಿಸಿದರು. ಕೈ ಒರೆಸಿಕೊಂಡರು.

"ಗೊತ್ತು ಕಣಮ್ಮ," ಅಂದರು. "ನೀನು ಬಾಗ್ಲ ಮರೇಲಿ ಪೆನ್ನಿಡ್ಕಂಡು ನಿಂತಿದ್ದಲ್ಲ, ಆಗ ನಾನು ಉಸ್ರು ಬಿಗಿ ಇಡ್ದು ಒಟ್ಟೆ ಒಳಕ್ಕೆಳ್ಕಂಡು ಕೂತಿದ್ದೆ. ತಮ್ಮನ ಎಂಡ್ರು ನೋಡ್ತಾಳಲ್ಲ ಅಂತ." ಕಡ್ಡಿಯಲ್ಲಿ ಒಲೆಯ ಬೂದಿ ಕೆದಕಿದರು. "ಇನ್ನೊಂದು ಏಳ್ತೀನಿ. ಅವತ್ತಿಗಾಗ್ಲೇ ರಕ್ತ ಬೀಳ್ತಿತ್ತು. ಯುಗಾದಿಗೂ ಮುಂಚೆಯಿಂದ್ಲೇ. ಗೌರಿಗೂ ಏಳಿರ್ನಿಲ್ಲ. ನೀನೇನಾದ್ರೂ ಕೇಳ್ಬುಟ್ರೆ ಏಳ್ಬುಡನ ಅಂತ ಗಂಟ್ಲಗಂಟ ಬಂದಿತ್ತು. ನೀನು ಕೇಳ್ನಿಲ್ಲ. ನಾನೂ ಏಳ್ನಿಲ್ಲ."

ನಾಲ್ಕು ವರ್ಷ ನಾನೊಬ್ಬಳೇ ಹೊತ್ತುಕೊಂಡು ತಿರುಗುತ್ತಿದ್ದೇನೆ ಅಂದುಕೊಂಡಿದ್ದನ್ನು ಅವರೂ ಅದೇ ಹಟ್ಟಿಯಲ್ಲಿ ಹೊತ್ತುಕೊಂಡಿದ್ದರು. ಅಳು ಬಂತು, ಸಿಟ್ಟೂ ಬಂತು. ನನ್ನ ಮೇಲೋ ಅವರ ಮೇಲೋ ಗೊತ್ತಾಗಲಿಲ್ಲ.

"ಎದ್ದೇಳಿ ಭಾವ," ಅಂದೆ. ಎದ್ದರು. "ಈಗ ಕೇಳ್ತೀನಿ. ರಕ್ತ ಏನಾದ್ರೂ ಬೀಳ್ತಿದ್ಯಾ?"

ನನ್ನ ಮುಖ ನೋಡಿಕೊಂಡೇ ಹೇಳಿದರು, "ಇಲ್ಲ ಕಣಮ್ಮ."

"ಊಟ?"

"ಸೇರ್ತದೆ."

ಅಂಗಿ ಮೇಲೆತ್ತಿ ಎರಡೂ ಕೈ ಅಗಲಿಸಿದರು. ಈ ಯುಗಾದಿಯ ಉಡದಾರ ಕಂಡಿತು, ಒಂದೇ ಗಂಟು. ಅದರ ಮೇಲಕ್ಕೆ, ಹೊಕ್ಕಳ ಮಟ್ಟಕ್ಕೆ, ನಾನೇ ನನ್ನ ಕೈಯಾರೆ ಟೇಪು ಸುತ್ತಿ ತುದಿ ಕೂಡಿಸಿದೆ. ಅವರು ಬ್ಯಾರನ್ ಸೂರಿನ ಕಡೆ ಕತ್ತೆತ್ತಿ ಶಿಲೆಯ ಹಾಗೆ ನಿಂತಿದ್ದರು. ಟೇಪಿನ ಅಂಕಿ ನೋಡಿದೆ, ಪೆನ್ನು ತೆಗೆದೆ, ಬರೆಯಲು ಹೋದವಳು ನಿಲ್ಲಿಸಿ ಅವರ ಉಬ್ಬಿದ ಎದೆ ನೋಡಿದೆ.

"ಉಸಿರು ಬಿಡಿ ಭಾವ," ಅಂದೆ.

ಬಿಟ್ಟರು. ಟೇಪು ನನ್ನ ಬೆರಳಿನಿಂದ ಎರಡು ಗೆರೆ ಮುಂದಕ್ಕೆ ಜಾರಿತು. ಅದನ್ನು ಬರೆದುಕೊಂಡೆ.